ಫಸ್ಟ್ ಪ್ರೈಜ್ ಯಾರಿಗೆ ಬಂತು ಮೇಷ್ಟ್ರೇ?

ನಮ್ಮ ಶಾಲೆಯ ಚಿತ್ರಪ್ರದರ್ಶನಕ್ಕೆ ಬರುವ ಹೆಚ್ಚಿನವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುವ ಪ್ರಶ್ನೆ ಇದು. ನಾವು ಬಹುಮಾನ ಕೊಡುವುದಿಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. "ಮತ್ತೆ ಇಷ್ಟೆಲ್ಲ ಯಾಕೆ ಮಾಡ್ತೀರಿ?" ಅನ್ನುತ್ತಾರೆ. ಬೇಲೂರು ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಜನ ತುಂಬಿದ ಕೋಣೆಯಲ್ಲಿ ನಿಂತು ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗ್ಯಾಲರಿ ಅಂದರೆ ಹಳೇ ಕಟ್ಟಡದ ಕೊನೆಯ ಕೋಣೆ. ಕಿಟಕಿಗಳು ಉತ್ತರಕ್ಕಿರುವುದರಿಂದ ಬಿಸಿಲು ನೇರವಾಗಿ ಬೀಳುವುದಿಲ್ಲ, ಬೆಳಕಿಗೆ ಕೊರತೆಯಿಲ್ಲ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಹಾಗಾಗಿ ಇದು ಮುಖ್ಯ. ಚಿತ್ರದ ಮೇಲೆ ಸೆಲ್ಲೋ ಟೇಪು ಹಾಕುವುದಿಲ್ಲ, ಕೀಳುವಾಗ ಹಾಳೆಯ ಮೈಯೇ ಎದ್ದು ಬರುತ್ತದೆ. ಮೈದಾ ಅಂಟು ಬಳಸಿದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಇಲ್ಲವೇ ಜಿರಳೆ ತಿನ್ನುತ್ತದೆ. ಮಕ್ಕಳೇ ಕಾಗದ ಮಡಚಿ ಸಣ್ಣ ತ್ರಿಕೋನಗಳನ್ನು ಮಾಡಿ, ಅವನ್ನು ರಟ್ಟಿಗೆ ಅಂಟಿಸಿ, ಚಿತ್ರದ ನಾಲ್ಕು ಮೂಲೆಗಳನ್ನು ಅದರೊಳಗೆ ಸಿಕ್ಕಿಸುತ್ತಾರೆ. ಸುತ್ತ ಎರಡೂವರೆ ಇಂಚು ಖಾಲಿ ಅಂಚು, ಕೆಳಗೆ ಸ್ವಲ್ಪ ಜಾಸ್ತಿ. ದೊಡ್ಡ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ ಬರುವಂತೆ ತೂಗುಹಾಕುವುದು ವಾಡಿಕೆ. ನಮ್ಮಲ್ಲಿ ಪಕ್ಕದ ಪ್ರೈಮರಿ ಶಾಲೆಯ ಮಕ್ಕಳ ಚಿತ್ರಗಳೂ ಇರುತ್ತವೆ, ಅವನ್ನು ಮೂರೂವರೆ ಅಡಿಗೇ ಹಾಕುತ್ತೇವೆ. ಮಗು ಕತ್ತೆತ್ತದೆ ನೋಡಬೇಕು. ದೊಡ್ಡವರು ಬಗ್ಗಲಿ.

ಇಷ್ಟು ಮುತುವರ್ಜಿ ನೋಡುವುದಕ್ಕಾಗಿ. ನೋಡುವುದು ಅಂದರೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಜೋಡೆತ್ತು ಬರೆದಿದ್ದ. ಊರಿನ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತಿದ್ದವರು ಅವನನ್ನು ಕರೆದರು. "ಮೈಯೆಲ್ಲ ಸರಿಯಾಗೈತೆ. ಕೊಂಬು ತಪ್ಪು ಕಣಪ್ಪ. ಹಳ್ಳಿಕಾರ್ ಕೊಂಬು ಮೊದಲು ಹಿಂದಕ್ಕೆ ಹೋಗ್ಬೇಕು, ಆಮೇಲೆ ತುದೀಲಿ ಮುಂದಕ್ಕೆ ಬಾಗ್ಬೇಕು."

ಹುಡುಗ ಪೆನ್ಸಿಲ್ ತೆಗೆದ. "ಬುಡ ಹತ್ರ ಇರ್ತವಾ, ದೂರ ಇರ್ತವಾ ತಾತ?"

"ಹತ್ರ. ಎರಡೂ ಒಂದೇ ಕಡೆಯಿಂದ ಹುಟ್ಟಿದಂಗಿರ್ತವೆ."

ಆ ಹುಡುಗ ಮಾರನೇ ದಿನ ಡ್ರಾಯಿಂಗ್ ಪುಸ್ತಕ ಹಿಡಿದು ಯಾರದೋ ಕೊಟ್ಟಿಗೆಗೆ ಹೋಗಿ ಬರೀ ಕೊಂಬುಗಳನ್ನೇ ಒಂದು ಪುಟದ ತುಂಬ ಬರೆದುಕೊಂಡು ಬಂದ. ಬುಡ, ತಿರುವು, ತುದಿ ಬೇರೆ ಬೇರೆಯಾಗಿ. ಅವನ ಚಿತ್ರದ ಮೂಲೆಗೆ 'ಪ್ರಥಮ' ಅಂತ ಚೀಟಿ ಅಂಟಿಸಿದ್ದರೆ ಆ ಹಿರಿಯರು ಬಾಯಿ ತೆರೆಯುತ್ತಿರಲಿಲ್ಲ, ಮೇಷ್ಟ್ರೇ ಒಪ್ಪಿದ ಮೇಲೆ ನಾನ್ಯಾರು ಅಂದುಕೊಳ್ಳುತ್ತಿದ್ದರು. ಚೀಟಿ ಬೇರೆ ಚಿತ್ರಗಳಿಗೆ ಹೋಗಿದ್ದರೆ ಅವರಿಗೆ ಈ ಚಿತ್ರ ಕಾಣುತ್ತಲೂ ಇರಲಿಲ್ಲವೇನೋ. ಬಹುಮಾನ ಇರುವ ಕಡೆ ಜನ ಮೂರು ಚಿತ್ರ ನೋಡಿ ಟೀ ಕುಡಿಯಲು ಹೋಗುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಬಹುಮಾನದ ಆಸೆ ಚಿತ್ರ ಬರೆಯುವ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ತಮ್ಮ ಪಾಡಿಗೆ ಖುಷಿಯಿಂದ ಚಿತ್ರ ಬರೆಯುತ್ತಿದ್ದ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಿನಲ್ಲಿ ಬಣ್ಣ ಇಟ್ಟು ನೋಡಿದಾಗ, ಸರ್ಟಿಫಿಕೇಟಿನ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅವು ಮೂರರಿಂದ ಐದು ವರ್ಷದ ಮಕ್ಕಳು, ನನ್ನವರು ದೊಡ್ಡವರು, ನಿಜ. ಆದರೆ ನನ್ನ ಮಕ್ಕಳಲ್ಲಿ ಬೇರೆಯದೇ ಒಂದು ಕಾಯಿಲೆ ಕಾಣುತ್ತದೆ. ಹೊರಗಿನ ಸ್ಪರ್ಧೆಯಲ್ಲಿ ಒಂದು ವರ್ಷ ಯಾವ ಚಿತ್ರಕ್ಕೆ ಪ್ರೈಜ್ ಬರುತ್ತದೋ ಮುಂದಿನ ವರ್ಷ ಎಲ್ಲರೂ ಅದನ್ನೇ ಬರೆಯುತ್ತಾರೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ. ಕಣ್ಣೆದುರಿಗೆ ಕಾಫಿತೋಟ, ಆಲೂಗಡ್ಡೆ ಹೊಲ, ಹೊಯ್ಸಳರ ದೇವಸ್ಥಾನ ಇರುವ ಊರಿನ ಮಕ್ಕಳು ತಾವು ಕಂಡೇ ಇಲ್ಲದ ಬೆಟ್ಟ ಬರೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಬಹುಮಾನ ಇಲ್ಲ, ಆದರೆ ಹೆಸರು ಖಂಡಿತ ಇರುತ್ತದೆ. ಪ್ರತಿ ಚಿತ್ರದ ಕೆಳಗೆ ಹೆಸರು, ತರಗತಿ, ಊರು, ಯಾವ ಬಣ್ಣ ಎಂದು ಮಗುವಿನದೇ ಅಕ್ಷರದಲ್ಲಿ. ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರು ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಪೀಠದಲ್ಲಿ ಹೆಸರು ಬರೆದಿದ್ದಾರೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ತೋರಿಸುವುದೇ ಆ ಅಕ್ಷರಗಳನ್ನು. ನಮ್ಮ ಇತಿಹಾಸದ ಮೇಷ್ಟ್ರು ಒಮ್ಮೆ ತಕರಾರು ತೆಗೆದರು: "ಅವರು ಬರೀ ಹೆಸರು ಹಾಕಿಲ್ಲ, ಬಿರುದನ್ನೂ ಹಾಕ್ಕೊಂಡಿದ್ದಾರೆ, ಪೈಪೋಟಿ ಇತ್ತು." ಇತ್ತು, ಒಪ್ಪುತ್ತೇನೆ. ಅದು ಪಳಗಿದ ಕೈಗಳ ಪೈಪೋಟಿ. ನನ್ನ ಕಣ್ಣು ಹೊಯ್ಸಳರ ಕಾಲದ ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಕಡೆಗೆ. 1196ರಲ್ಲಿ ಕಟ್ಟಿದ ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯಲ್ಲಿ ಅವನ ಹೆಸರು ಸಿಗುತ್ತದೆ. ನಮ್ಮ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ, 1246ರ ಗುಡಿಯಲ್ಲಿ, ಮತ್ತೆ ಸಿಗುತ್ತದೆ. ಹದಿಮೂರನೇ ಶತಮಾನದ ಸೋಮನಾಥಪುರದ ಗುಡಿಯಲ್ಲೂ ಇದೆ. ಒಂದು ಕೈ ಎಷ್ಟು ವರ್ಷ ದುಡಿಯಿತು, ಹೇಗೆ ಬೆಳೆಯಿತು ಎಂದು ನಾವು ಇವತ್ತು ಹುಡುಕಿಕೊಂಡು ಹೋಗುವುದಕ್ಕೆ ಆ ಹೆಸರೇ ದಾರಿ.

ಅದನ್ನೇ ನಮ್ಮ ಮಟ್ಟದಲ್ಲಿ ಮಾಡುತ್ತೇವೆ. ಪ್ರತಿ ಮಗುವಿನ ಒಂದು ಚಿತ್ರ ವರ್ಷವರ್ಷವೂ ಶಾಲೆಯಲ್ಲೇ ಉಳಿಯುತ್ತದೆ. ಹತ್ತನೇ ಕ್ಲಾಸಿಗೆ ಬಂದಾಗ ಅವರವರ ಎಂಟನೇ ಕ್ಲಾಸಿನ ಚಿತ್ರದ ಪಕ್ಕಕ್ಕೆ ಹೊಸದನ್ನು ಹಾಕುತ್ತೇವೆ. ಪಕ್ಕದ ಹುಡುಗಿಯ ಜೊತೆ ಹೋಲಿಸಿಕೊಂಡು ಕುಗ್ಗುವ ಮಗು ತನ್ನದೇ ಹಳೇ ಚಿತ್ರದ ಮುಂದೆ ಕುಗ್ಗುವುದಿಲ್ಲ.

"ಚೆನ್ನಾಗಿ ಬರೆಯೋ ಮಕ್ಕಳಿಗೆ ಅನ್ಯಾಯ ಅಲ್ವಾ?" ಎಂದೂ ಕೇಳುತ್ತಾರೆ. ಅವರಿಗೆ ಪ್ರತಿಭಾ ಕಾರಂಜಿ ಇದೆ, ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿವೆ. ನಾನೇ ತಯಾರು ಮಾಡಿ ಕಳಿಸುತ್ತೇನೆ, ಗೆದ್ದರೆ ಹಿಗ್ಗುತ್ತೇನೆ. ಗೆಲ್ಲುವುದಕ್ಕೆ ಬೇರೆ ಜಾಗಗಳಿವೆ, ಈ ಕೋಣೆಯೊಂದನ್ನು ಬಿಟ್ಟುಬಿಡಿ.

ಮಳೆಯ ತೇವ ಆರಿದ ಮೇಲೆ, ಡಿಸೆಂಬರಿನಲ್ಲಿ ಮುಂದಿನ ಪ್ರದರ್ಶನ. ಕಾಫಿ ಕೊಯ್ಲಿನ ಕಾಲ ಅಂತ ಗೊತ್ತು, ಅದಕ್ಕೇ ಭಾನುವಾರ ಸಂಜೆಯೂ ತೆರೆದಿರುತ್ತೇವೆ. ನಿಮ್ಮ ಮಗುವಿನ ಚಿತ್ರ ನೋಡಿದ ಮೇಲೆ ಪರಿಚಯವೇ ಇಲ್ಲದ ಒಂದು ಮಗುವಿನ ಚಿತ್ರದ ಮುಂದೆಯೂ ನಿಲ್ಲಿ. ಬಾಗಿಲ ಬಳಿ ನೋಟ್‌ಬುಕ್ ಇರುತ್ತದೆ, ಅದರಲ್ಲಿ 'ಚೆನ್ನಾಗಿದೆ' ಅಂತ ಬರೆಯಬೇಡಿ. ಏನು ಕಂಡಿತು, ಎಲ್ಲಿ ಅನುಮಾನ ಬಂತು ಅಂತ ಬರೆಯಿರಿ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಮಕ್ಕಳಿಗೆ ಓದಿ ಹೇಳುತ್ತೇನೆ.