641 ಎಂದು ನಾನೇ ಹೇಳಿಬಿಡಬಾರದಿತ್ತು

ತೀರ್ಥಹಳ್ಳಿ, 14 ಜುಲೈ 2024, ಭಾನುವಾರ

ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬಂದಿಲ್ಲ. ಅಣ್ಣನ ಮಗಳು ಜಗಲಿಯಲ್ಲಿ ಕುಳಿತು ನೋಟ್‌ಬುಕ್ಕಿನ ಪುಟಗಳನ್ನು ಭಾಗಾಕಾರದಿಂದ ತುಂಬಿಸಿದ್ದಳು. 3ರಿಂದ ಹೊರಟು, ಪ್ರತಿಸಲವೂ ಒಂದನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿ, ಮತ್ತೆ ಒಂದನ್ನು ಕೂಡಿಸಿದರೆ 5, 17, 257, 65537 ಬರುತ್ತವೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಕೊನೆಯದನ್ನು ಅವಳು ಯಾರ ಮಾತನ್ನೂ ನಂಬದೆ, 256ರೊಳಗಿನ 54 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದ್ದಳು.

"ಚಿಕ್ಕಪ್ಪಾ, ಮುಂದಿನದೂ ಅವಿಭಾಜ್ಯವೇ ಆಗಿರ್ಬೇಕು ಅಲ್ವಾ?"

ಮುಂದಿನದು 4294967297, ನಾನೂರ ಇಪ್ಪತ್ತೊಂಬತ್ತು ಕೋಟಿಗೂ ಮೀರಿದ್ದು. "ಇಲ್ಲ, ಅದು 641ರಿಂದ ಭಾಗವಾಗುತ್ತದೆ" ಎಂದುಬಿಟ್ಟೆ. ಅವಳು ಏನೂ ಹೇಳದೆ ಪೆನ್ಸಿಲನ್ನು ಕೆಳಗಿಟ್ಟಳು. ಮಧ್ಯಾಹ್ನವಿಡೀ ಅವಳು ಕಟ್ಟಿಕೊಂಡಿದ್ದ ನಿರೀಕ್ಷೆಯನ್ನು ನಾನು ಒಂದೇ ಮಾತಿನಲ್ಲಿ ಕೆಡವಿದ್ದೆ.

ಇದೇ ನಿರೀಕ್ಷೆಯನ್ನು 1640ರಲ್ಲಿ ಗಣಿತಜ್ಞ ಫರ್ಮಾ ಇಟ್ಟುಕೊಂಡಿದ್ದ. ಅದು ಸುಳ್ಳೆಂದು ಇನ್ನೊಬ್ಬ ಗಣಿತಜ್ಞ ಆಯ್ಲರ್ ತೋರಿಸಿದ್ದು 1732ರಲ್ಲಿ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಆ ಜರಡಿಯಲ್ಲಿ ಸೋಸಿದರೆ ಸಿಗುವ ಅವಿಭಾಜ್ಯಗಳು 193, 257, 449, 577, ಐದನೆಯದೇ 641. ಜರಡಿಯೇ ಇಲ್ಲದೆ 2ರಿಂದ ಶುರುಮಾಡಿದ್ದರೂ 116ನೆಯ ಭಾಗಾಕಾರಕ್ಕೆ ಅದು ಅವಳಿಗೇ ಸಿಗುತ್ತಿತ್ತು. 54 ಮಾಡಿದವಳಿಗೆ 116 ದೊಡ್ಡದಾಗಿರಲಿಲ್ಲ ಎಂಬುದೇ ನನ್ನನ್ನು ಈಗಲೂ ಚುಚ್ಚುತ್ತಿದೆ.

ತಪ್ಪನ್ನು ಸರಿಪಡಿಸಿಕೊಳ್ಳಲು, ಭಾಗಿಸದೆಯೇ ಅದನ್ನು ಸಾಧಿಸುವ ದಾರಿಯನ್ನು ಬರೆದು ತೋರಿಸಿದೆ. 641 ಎಂದರೆ 5×128ಕ್ಕೆ 1 ಕೂಡಿಸಿದ್ದು. 625ಕ್ಕೆ 16 ಕೂಡಿಸಿದ್ದೂ ಅದೇ. 641ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ನೋಡುವ ಲೆಕ್ಕದಲ್ಲಿ 641 ಎಂದರೆ ಸೊನ್ನೆ, ಹಾಗಾಗಿ 5×128 ಎಂಬುದು −1ಕ್ಕೆ, 625 ಎಂಬುದು −16ಕ್ಕೆ ಸಮ. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ, 625 ಮತ್ತು 2ರ 28ನೆಯ ಘಾತದ ಗುಣಲಬ್ಧ 1ಕ್ಕೆ ಸಮವಾಗುತ್ತದೆ. 625ರ ಜಾಗದಲ್ಲಿ −16 ಇಟ್ಟರೆ 2ರ 32ನೆಯ ಘಾತ −1 ಆಗುತ್ತದೆ, ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. 2ರ 32ನೆಯ ಘಾತಕ್ಕೆ ಒಂದು ಕೂಡಿಸಿದ್ದೇ ತಾನೇ ನಮ್ಮ 4294967297.

ಅವಳು ಬಹಳ ಹೊತ್ತು ನೋಡಿ, "641 ಅಂತ ಮೊದಲೇ ಗೊತ್ತಿದ್ರೆ ಮಾತ್ರ ಇದು ಹೊಳೆಯತ್ತೆ ಅಲ್ವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಹೊಸ ಪುಟದಲ್ಲಿ ಇಪ್ಪತ್ತು ಅಂಕಿಗಳ ಮುಂದಿನ ಸಂಖ್ಯೆಯನ್ನು ಬರೆದಳು: 18446744073709551617. "ಇದನ್ನ ಮಾತ್ರ ಹೇಳ್ಬೇಡಿ." 1880ರಲ್ಲಿ ಲ್ಯಾಂಡ್ರಿ ಎಂಬ ಗಣಿತಜ್ಞ ಅದಕ್ಕೆ ಕಂಡುಹಿಡಿದ ಭಾಜಕ 274177 ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಲಿಲ್ಲ.

ಈಗ ಹೊರಗೆ ಮಳೆ ಜೋರಾಗಿದೆ, ಅವಳ ಕೋಣೆಯಲ್ಲಿ ಇನ್ನೂ ಮೇಣದ ಬತ್ತಿ ಉರಿಯುತ್ತಿದೆ. ಈ ಸಂಖ್ಯೆಯ ಜರಡಿಗೆ 64ರ ಬದಲು 128 ಎಂದು ಅವಳೇ ಊಹಿಸಿಕೊಂಡಿದ್ದಾಳೆ. 1ಕ್ಕೆ 128ನ್ನು ಮತ್ತೆ ಮತ್ತೆ ಕೂಡಿಸುತ್ತಾ ಹತ್ತುವ ಆ ಮೆಟ್ಟಿಲುಗಳಲ್ಲಿ 2142ನೆಯದನ್ನು ಅವಳು ಮುಟ್ಟಬೇಕು. 256ರ ಮೆಟ್ಟಿಲೇ ಸಾಕು, ಶ್ರಮ ಅರ್ಧವಾಗುತ್ತದೆ ಎಂಬಷ್ಟನ್ನಾದರೂ ನಾಳೆ ಹೇಳಲೇ, ಅಥವಾ ಅದನ್ನೂ ಅವಳೇ