ಲಕ್ಕವಳ್ಳಿಯಲ್ಲಿ ಎರಡು ದಿನ: ನೀರಲ್ಲಿ ಟರ್ನ್, ಮರದಲ್ಲಿ ಕೆಂದಳಿಲು

ಮೊದಲ ಸಲ ಲಕ್ಕವಳ್ಳಿಗೆ ಹೋಗಿದ್ದು ಅಕ್ಟೋಬರ್‌ನಲ್ಲಿ. ಭದ್ರಾ ಜಲಾಶಯ ತುಂಬಿತ್ತು. ರಿವರ್ ಟರ್ನ್ ಅನ್ನೋ ನೀರುಹಕ್ಕಿ ಎಲ್ಲಿ ಅಂತ ಕೇಳಿದರೆ ದೋಣಿಯವರು ನೀರನ್ನೇ ತೋರಿಸಿದರು. "ಅವು ಮೊಟ್ಟೆ ಇಡೋ ದ್ವೀಪ ಇದರ ಅಡಿಯಲ್ಲಿದೆ ಸಾರ್!" ಆ ತಪ್ಪು ನೀವು ಮಾಡಬೇಡಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಿ.

ಈ ಸಲ ನಾವು ಮಾರ್ಚ್‌ನಲ್ಲಿ ಹೋದೆವು. ಬೆಂಗಳೂರಿನಿಂದ ಶಿವಮೊಗ್ಗದ ರೈಲು ಹತ್ತಿ ತರೀಕೆರೆಯಲ್ಲಿ ಇಳಿದರೆ, ಅಲ್ಲಿಂದ ಸುಮಾರು 20 ಕಿ.ಮೀ. ಸಫಾರಿ ಸೀಟು ಮೊದಲೇ ಕಾದಿರಿಸಿ, ವಾರಾಂತ್ಯದಲ್ಲಿ ಸಿಗೋದು ಕಷ್ಟ.

ಬೆಳಗಿನ ದೋಣಿಯೇ ಒಳ್ಳೆಯದು. ಬರೀ ಕಲ್ಲು, ಮಣ್ಣಿನ ದ್ವೀಪ. ಅದರ ತುಂಬ ಟರ್ನ್‌ಗಳು, ಕಿವಿ ತುಂಬ ಗಲಾಟೆ. ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಒಂದು ಗಂಡು ಬೆರಳುದ್ದದ ಮೀನು ಕಚ್ಚಿಕೊಂಡು ಹೆಣ್ಣಿನ ಸುತ್ತ ತಿರುಗುತ್ತಿತ್ತು. ಅವಳು ಮುಖ ತಿರುಗಿಸಿದಳು. ಮತ್ತೆ ಒಂದು ಸುತ್ತು. ಕೊನೆಗೆ ಮೀನು ನುಂಗಿದಳು ಅನ್ನಿ! ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ದೋಣಿಯವರಿಗೆ "ಇನ್ನೂ ಹತ್ತಿರ ಹೋಗಿ" ಅಂತ ಪೀಡಿಸಬೇಡಿ. ತಾಯಿ ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಸಂಜೆ ಜೀಪಿನಲ್ಲಿ ಕಾಡಿಗೆ. ಅಲ್ಲಿ ಆಟವೇ ಬೇರೆ. ಕೆಂದಳಿಲು ಒಂಟಿ, ಅನುಮಾನದ ಪ್ರಾಣಿ. ಮೂಗಿನಿಂದ ಬಾಲದ ತುದಿವರೆಗೆ ಹತ್ತಿರ ಹತ್ತಿರ ಒಂದು ಮೀಟರ್ ಇದ್ದರೂ, ಕೊಂಬೆಗೆ ಅಂಟಿಕೊಂಡು ಕೂತರೆ ಕಾಣುವುದೇ ಇಲ್ಲ. ಇಂಜಿನ್ ನಿಲ್ಲಿಸಿ ಸುಮ್ನೆ ಕೂತೆವು. ಮೇಲೆ ಎಲೆ ಅಲ್ಲಾಡಿತು. ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ನೇತಾಡುತ್ತಾ, ಎರಡೂ ಕೈಯಲ್ಲಿ ಕಾಯಿ ಹಿಡಿದು ತಿನ್ನುತ್ತಿತ್ತು.

ಟರ್ನ್ ಮೊಟ್ಟೆಗೆ ಸುತ್ತಲಿನ ನೀರೇ ಬೇಲಿ. ಅಳಿಲಿನ ಎಲೆಗೂಡು ಇರೋದು ತೆಳು ಕೊಂಬೆಗಳ ನಡುವೆ, ಭಾರದ ಬೇಟೆಗಾರ ಕಾಲಿಟ್ಟರೆ ಮುರಿಯುವ ಕಡೆ. ಒಂದೇ ಅಳಿಲು ನಾಲ್ಕಾರು ಗೂಡು ಕಟ್ಟುವುದೂ ಉಂಟು. ಯಾವುದರಲ್ಲಿ ಮಲಗಿದೆ ಅಂತ ನಮಗಂತೂ ಗೊತ್ತಾಗಲಿಲ್ಲ.

ಫೋಟೊಗೆ ಟರ್ನ್ ಸುಲಭ. ಅಳಿಲಿಗೆ ಕ್ಯಾಮೆರಾಗಿಂತ ದುರ್ಬೀನು ಜಾಸ್ತಿ ಉಪಯೋಗ, ಕತ್ತು ನೋವಂತೂ ಖಾತ್ರಿ. ಒಂದೇ ಸಫಾರಿಗೆ ದುಡ್ಡಿದ್ದರೆ ದೋಣಿಯನ್ನೇ ಆರಿಸಿ. ನಾವು ಹೊರಡುವ ದಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದಾಗ ಲೋಟದ ಪಕ್ಕ ಕಾಯಿಸಿಪ್ಪೆ ಬಿತ್ತು. ತಲೆ ಎತ್ತಿದರೆ ಅದೇ ಕೆಂಪು ಬೆನ್ನು!