ಎಲ್ಲ ರಿಪೋರ್ಟ್ ನಾರ್ಮಲ್ ಬಂದ ಮೇಲೆ

ಕೋವಿಡ್ ಹೋದ ಮೇಲೂ ತಿಂಗಳುಗಟ್ಟಲೆ ಕಾಡುವ ಲಾಂಗ್ ಕೋವಿಡ್ ಇದೆಯೋ ಇಲ್ಲವೋ ಎಂದು ಹೇಳಬಲ್ಲ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ), ಥೈರಾಯ್ಡ್, ಎದೆಯ ಎಕ್ಸ್‌ರೇ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಅವು ನಾರ್ಮಲ್ ಬಂದವೆಂದು "ಎಲ್ಲಾ ಟೆನ್ಷನ್ನು" ಅಂದುಬಿಡುವುದು ಅನ್ಯಾಯ.

ಎದ್ದು ನಿಂತರೆ ಎದೆ ಡವಡವ, ತಲೆ ತಿರುಗು ಅನ್ನುವವರು ಮನೆಯಲ್ಲೇ ಒಂದು ಲೆಕ್ಕ ತೆಗೆಯಬಹುದು. ಬೆಳಗ್ಗೆ ಕಾಫಿಗೆ ಮುಂಚೆ 10 ನಿಮಿಷ ಅಂಗಾತ ಮಲಗಿ, ನಾಡಿ ಮತ್ತು ಬಿಪಿ ಬರೆದುಕೊಳ್ಳಿ. ಆಮೇಲೆ ಎದ್ದು, ಹಿಮ್ಮಡಿ ಗೋಡೆಯಿಂದ ಸುಮಾರು 15 ಸೆಂಟಿಮೀಟರ್ ಮುಂದಿಟ್ಟು, ಭುಜ ಗೋಡೆಗೆ ಒರಗಿಸಿ 10 ನಿಮಿಷ ನಿಲ್ಲಿ. ನಿಮಿಷಕ್ಕೊಮ್ಮೆ ಎರಡನ್ನೂ ಬರೆಯಲು, ಬೀಳದಂತೆ ಹಿಡಿಯಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಮಂಜಾದರೆ ಅಲ್ಲಿಗೇ ನಿಲ್ಲಿಸಿ ಮಲಗಿ.

ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ನಿಲ್ಲುವಾಗಲೇ. ಕಾಲು ಬದಲಿಸುತ್ತಿದ್ದರೆ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಇರುವ ತೊಂದರೆ ಮುಚ್ಚಿಹೋಗುತ್ತದೆ. ಮಾತಾಡಿದರೆ ನಾಡಿ ಏರುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ನಾಡಿ ನೋಡುವ ಆಕ್ಸಿಮೀಟರ್ ತಪ್ಪು ತೋರಿಸಬಹುದು. ವಯಸ್ಕರಲ್ಲಿ ಬಿಪಿ ಅಷ್ಟಾಗಿ ಇಳಿಯದೆ ನಾಡಿ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಏರಿ ಅಲ್ಲೇ ನಿಂತರೆ ಡಾಕ್ಟರು ಪಾಟ್ಸ್ (ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇದೆಯೇ ಎಂದು ನೋಡಬೇಕು. ರಕ್ತಹೀನತೆ, ಜ್ವರ, ನೀರು ಕಡಿಮೆಯಾಗಿರುವುದು ಕೂಡ ಹೀಗೇ ಏರಿಸುತ್ತವೆ, ಹಾಗಾಗಿ ನೀವೇ ತೀರ್ಮಾನ ಮಾಡಬೇಡಿ. ಉಪ್ಪು ಹಾಕಿದ ಮಜ್ಜಿಗೆ ಹೆಚ್ಚು ಕುಡಿಯಿರಿ ಅನ್ನುವ ಸಲಹೆ ಹಲವರಿಗೆ ಸಿಗುತ್ತದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಅದು ಅಪಾಯ.

ಇನ್ನೊಂದು, ಸುಸ್ತು ಕೆಲಸ ಮಾಡಿದ ದಿನವೇ ಬರಬೇಕೆಂದಿಲ್ಲ. ಹಲವರಿಗೆ ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿಸುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಇವತ್ತಿನ ಸುಸ್ತಿನ ಪಕ್ಕ ಹಿಂದಿನ 2 ದಿನ ಏನೇನು ಮಾಡಿದಿರಿ ಬರೆಯಿರಿ: ಬಟ್ಟೆ ಒಗೆದದ್ದು, ಮೆಟ್ಟಿಲು ಹತ್ತಿದ್ದು, ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿದ್ದೂ ಸೇರಿ. ಇಂಥವರಿಗೆ "ದಿನಾ ವಾಕಿಂಗ್ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ" ಅನ್ನುವುದು ಕೆಡುಕು. ಇದೇ ಲಕ್ಷಣವಿರುವ, ದೀರ್ಘಕಾಲ ಸುಸ್ತು ಕಾಡುವ ಎಂಇ/ಸಿಎಫ್‌ಎಸ್ ಕಾಯಿಲೆಗೆ ಅಂಥ ವ್ಯಾಯಾಮ ಬೇಡವೆಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಹೇಳಿದೆ. ಸ್ನಾನಕ್ಕೆ ಸ್ಟೂಲ್ ಹಾಕಿಕೊಳ್ಳಿ, ತರಕಾರಿ ಕೂತು ಹೆಚ್ಚಿ, ಸುಸ್ತಾಗುವ ಮುಂಚೆಯೇ ಮಲಗಿ.

ಡಾಕ್ಟರ ಬಳಿ ಫೈಲಿನ ಮೇಲೆ ಒಂದೇ ಹಾಳೆ ಇರಲಿ: ಕೋವಿಡ್ ಬಂದ ತಿಂಗಳು, ಹೆಚ್ಚು ಕಾಡುವ 3 ತೊಂದರೆ, ನಿಂತಾಗಿನ ಅಂಕಿ, ತೆಗೆದುಕೊಳ್ಳುವ ಮಾತ್ರೆ. ಎದೆನೋವು, ಪ್ರಜ್ಞೆ ತಪ್ಪುವುದು, ಕೂತಲ್ಲೇ ಉಸಿರುಗಟ್ಟುವುದು ಶುರುವಾದರೆ ಹಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಿ.